ಕಾಫಿ ಪೊಟ್ಟಣದ ಮೇಲೆ ಅಮ್ಮನ ಮುಖ: ಒಂದು ಪ್ರಕರಣ ಅಧ್ಯಯನ

2024ರ ಅಕ್ಟೋಬರ್. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಒಂದು ಅಂಗಡಿ. ಫಸ್ಟ್ ಪಿಯುಸಿ ಓದುವ ಹುಡುಗಿಯೊಬ್ಬಳು ಕಾಲೇಜು ಬಿಟ್ಟ ಮೇಲೆ ಗೆಳತಿಯರ ಜೊತೆ ಬಿಸ್ಕತ್ತು ಕೊಳ್ಳಲು ಹೋಗಿದ್ದಳು. ಕೌಂಟರಿನ ಪಕ್ಕ ಕಾಲು ಕೆಜಿಯ ಕಾಫಿಪುಡಿ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದ್ದರು. ಎಲ್ಲದರ ಮೇಲೂ ಒಬ್ಬ ಹೆಂಗಸು ನಗುತ್ತಿದ್ದಳು. ತಲೆಗೆ ಬಟ್ಟೆ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಬೊಗಸೆ ತುಂಬ ಕೆಂಪು ಕಾಫಿ ಹಣ್ಣು. ಹುಡುಗಿ ಒಂದು ಪೊಟ್ಟಣ ಎತ್ತಿಕೊಂಡು ನೋಡಿದಳು. ಅದು ಅವಳ ಅಮ್ಮ.

ಆ ಫೋಟೋ ತೆಗೆದವನು ನಾನು.

ನಾನು ಮದುವೆ, ಗೃಹಪ್ರವೇಶ, ಹೋಂಸ್ಟೇ ಫೋಟೋಗ್ರಫಿ ಮಾಡಿ ಬದುಕುವವನು. ಈ ಪ್ರಕರಣವನ್ನು ಬರೆಯುವ ಮುಂಚೆ ತಾಯಿ, ಮಗಳು ಇಬ್ಬರಿಗೂ ಓದಿ ಹೇಳಿದ್ದೇನೆ. ತೋಟದ ಹೆಸರು ಬೇಡ, ಕೊನೆಗೆ ಸಿಕ್ಕ ದುಡ್ಡು ಎಷ್ಟೆಂದು ಬರೆಯಬೇಡಿ ಎಂದರು. ಎರಡೂ ಇಲ್ಲಿಲ್ಲ. ಹೋಂಸ್ಟೇ ಮತ್ತು ಕಾಫಿಪುಡಿ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ. ತಾಯಿಯನ್ನು ನಾನು ಕರೆಯುವುದೇ ಅಕ್ಕ ಎಂದು. ಇಲ್ಲೂ ಹಾಗೇ ಇರಲಿ.

ಫೋಟೋ ತೆಗೆದ ದಿನ

2022ರ ಡಿಸೆಂಬರ್, ಒಂದು ಭಾನುವಾರ. ಹೋಂಸ್ಟೇಯವರು ತಮ್ಮ ವೆಬ್‌ಸೈಟಿಗೆ ಫೋಟೋ ಬೇಕೆಂದು ಕರೆಸಿದ್ದರು. ರೂಮುಗಳು, ಜಗಲಿ, ಕಡುಬಿನ ತಿಂಡಿ, ಬೆಟ್ಟದ ನೋಟ, ಇಷ್ಟು ಕೆಲಸ. ದಿನಕ್ಕೆ ಇಷ್ಟು ಎಂದು ಬಾಯಿಮಾತಿನಲ್ಲಿ ಒಪ್ಪಂದ. ಕಾಗದ ಗೀಗದ ಏನೂ ಇರಲಿಲ್ಲ.

ಅರೇಬಿಕಾ ಕೊಯ್ಲಿನ ಕಾಲ. ರೂಮುಗಳ ಕೆಲಸ ಮುಗಿಸಿ ಸುಮ್ನೆ ತೋಟದೊಳಗೆ ಇಳಿದೆ. ಸಿಲ್ವರ್ ಓಕ್ ಮರಗಳ ನಡುವೆ ಬಿಸಿಲು ಕೋಲುಕೋಲಾಗಿ ಬೀಳುತ್ತಿತ್ತು. ಆರೇಳು ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದರು. ಚಿಗಳಿ ಇರುವೆ ಕಚ್ಚದಿರಲಿ ಎಂದು ಎಲ್ಲರ ಮೈಮೇಲೂ ಮನೆ ಗಂಡಸರ ಹಳೇ ಅಂಗಿ. ಅಕ್ಕ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

"ಅಕ್ಕಾ, ಒಂದು ಫೋಟೋ ತೆಗೀಲಾ?" ಎಂದು ಕೇಳಿದೆ.

"ತೆಗೀರಿ, ಅದಕ್ಕೇನು" ಎಂದು ತಲೆಯ ಬಟ್ಟೆ ಸರಿಮಾಡಿಕೊಂಡಳು. ಬೊಗಸೆಯಲ್ಲಿ ಹಣ್ಣು ಹಿಡಿಯಲು ನಾನೇ ಹೇಳಿದೆ. ಎಂಟು ಹತ್ತು ಕ್ಲಿಕ್. ರಜೆ ಎಂದು ಅಮ್ಮನ ಜೊತೆ ಬಂದಿದ್ದ ಮಗಳು ಹಿಂದೆ ಗಿಡದ ಪಕ್ಕ ನಿಂತಿದ್ದಳು. ಆಗ ಅವಳು 9ನೇ ಕ್ಲಾಸ್. ಫ್ರೇಮಿನ ಅಂಚಿನಲ್ಲಿ ಅವಳೂ ಬಿದ್ದಿದ್ದಾಳೆ, ಸ್ವಲ್ಪ ಮಸುಕಾಗಿ. ಕ್ಯಾಮೆರಾ ತಿರುಗಿಸಿ ತೋರಿಸಿದಾಗ ಅಕ್ಕನಿಗೆ ಖುಷಿಯಾಯಿತು. "ನಮಗೂ ಒಂದು ಕಳಿಸ್ತೀರಾ?" ಎಂದಳು. ಖಂಡಿತ ಎಂದೆ. ಕಳಿಸಲಿಲ್ಲ.

ಕೈಯಿಂದ ಕೈಗೆ

ಆ ಫೋಟೋ ಎಲ್ಲೆಲ್ಲಿ ಹೋಯಿತು ಎಂದು ಆಮೇಲೆ ಕೂತು ಪತ್ತೆ ಹಚ್ಚಿದೆವು.

ಅವತ್ತಿನ ಎಲ್ಲ ಫೋಟೋಗಳನ್ನೂ ನಾನು ಒಂದು ಡ್ರೈವ್ ಲಿಂಕಿನಲ್ಲಿ ಹೋಂಸ್ಟೇ ಮಾಲೀಕರಿಗೆ ಕಳಿಸಿದೆ. ರೂಮಿನದು ಬೇರೆ, ತೋಟದವರದು ಬೇರೆ ಎಂದು ವಿಂಗಡಿಸಲಿಲ್ಲ. ಅಕ್ಕನ ಫೋಟೋವನ್ನು ನನ್ನ ಇನ್‌ಸ್ಟಾಗ್ರಾಮಿನಲ್ಲೂ ಹಾಕಿದೆ. ಚೆನ್ನಾಗಿ ಬಂದಿತ್ತು, ಲೈಕ್ ಜಾಸ್ತಿ ಬಂತು. ಮಾಲೀಕರು ತಮ್ಮ ವೆಬ್‌ಸೈಟಿಗೆ ಹಾಕಿಕೊಂಡರು. ಒಂದೂವರೆ ವರ್ಷದ ಮೇಲೆ ಅವರ ಸಂಬಂಧಿಕರೊಬ್ಬರು ಕಾಫಿಪುಡಿ ಬ್ರ್ಯಾಂಡ್ ಶುರು ಮಾಡಿದರು. "ನಿಮ್ಮ ಹತ್ರ ಒಳ್ಳೆ ಫೋಟೋ ಇದೆಯಲ್ಲ, ಕೊಡಿ" ಎಂದು ಕೇಳಿದರು. ವಾಟ್ಸ್‌ಆ್ಯಪಿನಲ್ಲಿ ಹೋಯಿತು. ಅಲ್ಲಿಂದ ಬೆಂಗಳೂರಿನ ಡಿಸೈನರ್ ಕೈಗೆ. ಆ ಡಿಸೈನರ್ ಒಬ್ಬರೇ ಈ ಸಾಲಿನಲ್ಲಿ ಪ್ರಶ್ನೆ ಕೇಳಿದವರು: ಇದರ ಹಕ್ಕಿನ ತೊಂದರೆ ಏನೂ ಇಲ್ಲ ತಾನೇ? "ನಮ್ಮವರದ್ದೇ ಫೋಟೋ" ಎಂದು ಉತ್ತರ ಬಂತು. ಅಚ್ಚಾಯಿತು.

ಪೊಟ್ಟಣದ ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇದ್ದವು. ಅಕ್ಕನಿಗೆ ಯಾವುದೋ ಬೇರೆ ಹೆಸರು ಇಟ್ಟಿದ್ದರು. ಆಕೆ ಮೂವತ್ತು ವರ್ಷದಿಂದ ತಮ್ಮ ತೋಟದ ಕುಟುಂಬದವಳು, ಈ ನಗುವೇ ನಮ್ಮ ಕಾಫಿಯ ರುಚಿ ಎಂದೆಲ್ಲ ಬರೆದಿದ್ದರು. ಅಕ್ಕ ಆ ಬ್ರ್ಯಾಂಡಿನವರ ತೋಟಕ್ಕೆ ಒಮ್ಮೆಯೂ ಕಾಲಿಟ್ಟವಳಲ್ಲ.

ಯಾರೂ ಕದಿಯಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕೇಳಿರುತ್ತಾರೆ ಎಂದುಕೊಂಡರು. ಆ ಸಾಲಿನ ಮೊದಲನೆಯವನು ನಾನು. ನನ್ನ ಹಿಂದೆ ಇದ್ದವಳು ಅಕ್ಕ ಒಬ್ಬಳೇ.

ಲೈನ್ ಮನೆಯಲ್ಲಿ ಆದದ್ದು

ಒಂದು ಫೋಟೋದಿಂದ ಏನು ನಷ್ಟ ಎಂದು ಕೇಳುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು ಎಂದು ನನ್ನ ಆಸೆ.

ಮಗಳು ಪೊಟ್ಟಣ ತಂದು ತೋರಿಸಿದ ದಿನ ಅಕ್ಕ ಮೊದಲು ನಕ್ಕಳಂತೆ. ಎರಡು ದಿನದಲ್ಲಿ ಲೈನಿನ, ಅಂದರೆ ತೋಟದ ಕೂಲಿಯವರು ಇರುವ ಸಾಲುಮನೆಗಳ, ಎಲ್ಲರಿಗೂ ಸುದ್ದಿ ಹೋಯಿತು. "ಎಷ್ಟು ಕೊಟ್ರು?" ಇದೊಂದೇ ಪ್ರಶ್ನೆ. ಏನೂ ಕೊಟ್ಟಿಲ್ಲ ಎಂದರೆ ಯಾರೂ ನಂಬಲಿಲ್ಲ. ಟಿವಿಯಲ್ಲಿ ಜಾಹೀರಾತು ಮಾಡುವವರಿಗೆ ಕೋಟಿ ಕೊಡುತ್ತಾರೆ, ಇವಳಿಗೆ ಲಕ್ಷವಾದರೂ ಕೊಟ್ಟಿರುತ್ತಾರೆ ಎಂಬ ಲೆಕ್ಕ. ಸ್ವಸಹಾಯ ಸಂಘದಲ್ಲಿ ಅಕ್ಕನ ಸಾಲದ ಸರದಿ ಬಂದಾಗ, "ನಿನಗೆ ಯಾಕೆ ಈಗ, ಬೇರೆಯವರಿಗೆ ಬಿಡು" ಎಂದು ಮುಂದೆ ಹಾಕಿದರು. ಆ ಸಾಲದಲ್ಲಿ ಮಗಳ ಹಾಸ್ಟೆಲ್ ಫೀಸು ಕಟ್ಟುವುದಿತ್ತು. ಮೈದುನ ಬಂದು, ಅಣ್ಣ ತೀರಿಕೊಂಡ ಮೇಲೆ ಮನೆಯ ಕಷ್ಟ ನೋಡಿದವನು ನಾನು, ನನಗೆ ಒಂದು ಮಾತೂ ಹೇಳಲಿಲ್ಲ ಎಂದು ಜಗಳ ತೆಗೆದ. ಹಬ್ಬಕ್ಕೆ ಬರುವುದನ್ನೇ ನಿಲ್ಲಿಸಿದ.

ಇದಕ್ಕೆಲ್ಲ ಬಿಲ್ ಇಲ್ಲ. ವಕೀಲರು ನಷ್ಟ ಏನು ಎಂದು ಕೇಳಿದರೆ ತೋರಿಸಲು ರಸೀದಿ ಇಲ್ಲ. ಆದರೆ ಲೈನ್ ಮನೆಯಲ್ಲಿ ಬದುಕುವವರಿಗೆ ಅಕ್ಕಪಕ್ಕದವರ ನಂಬಿಕೆಯೇ ಬ್ಯಾಂಕು, ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿ.

ನವೆಂಬರಿನಲ್ಲಿ ತಾಯಿ ಮಗಳು ಇಬ್ಬರೂ ನನ್ನ ಸ್ಟುಡಿಯೋಗೆ ಬಂದರು. ಇನ್‌ಸ್ಟಾಗ್ರಾಮಿನಲ್ಲಿ ಮಗಳೇ ನನ್ನನ್ನು ಹುಡುಕಿದ್ದಳು. ಅಕ್ಕ ಬೈಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತು ಹೇಳಿದಳು: "ಅವತ್ತು ನೀವು ಕೇಳಿದ್ದು ಫೋಟೋ ತೆಗೀಲಾ ಅಂತ. ಮಾರ್ಲಾ ಅಂತ ಕೇಳ್ಲಿಲ್ಲ."

ಈ ಪ್ರಕರಣದ ಕಾನೂನು ಪೂರ್ತಿ ಆ ಒಂದು ಮಾತಿನಲ್ಲಿದೆ. ಅದು ನನಗೆ ಅರ್ಥವಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಫೋಟೋ ಯಾರದು, ಮುಖ ಯಾರದು

ನನಗೆ ಮೊದಲು ಹೊಳೆದದ್ದು ನನ್ನ ಹಕ್ಕು. ಫೋಟೋ ತೆಗೆದವನು ನಾನು, ಕಾಪಿರೈಟ್ ನನ್ನದು, ನನ್ನನ್ನು ಕೇಳದೆ ಪೊಟ್ಟಣಕ್ಕೆ ಹಾಕಿದ್ದು ತಪ್ಪು. ಹೀಗೇ ಬರೆದು ಬ್ರ್ಯಾಂಡಿನವರಿಗೆ ಮೇಲ್ ಕಳಿಸಿದೆ. ಅವರ ವಕೀಲರ ಉತ್ತರ ಓದಿ ಸುಮ್ಮನಾಗಬೇಕಾಯಿತು.

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಹೀಗಿದೆ. ಸಾಮಾನ್ಯವಾಗಿ ಫೋಟೋದ ಮೊದಲ ಒಡೆಯ ಅದನ್ನು ತೆಗೆದವನೇ. ಆದರೆ ಒಬ್ಬರು ದುಡ್ಡು ಕೊಟ್ಟು, ತಮಗಾಗಿ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲ ಒಡೆಯರು ಆ ದುಡ್ಡು ಕೊಟ್ಟವರು. ಹೋಂಸ್ಟೇಯವರು ಅವತ್ತಿನ ದಿನಕ್ಕೆ ದುಡ್ಡು ಕೊಟ್ಟಿದ್ದರು. ಒಪ್ಪಂದದ ಕಾಗದ ಇರಲಿಲ್ಲ. ನನ್ನ ವಾದ, ಅವರು ಹೇಳಿದ್ದು ರೂಮುಗಳ ಫೋಟೋ, ಅಕ್ಕನದು ನಾನಾಗಿ ತೆಗೆದದ್ದು. ಅವರ ವಾದ, ನೀವೇ ಎಲ್ಲವನ್ನೂ ಒಂದೇ ಲಿಂಕಿನಲ್ಲಿ ಕೊಟ್ಟಿರಿ.

ಇಲ್ಲಿ ಒಂದು ಬದಿಯ ಮಾತು. ಮದುವೆ ಫೋಟೋ ತೆಗೆಯುವ ನನ್ನ ಗೆಳೆಯರಲ್ಲಿ ಹೆಚ್ಚಿನವರಿಗೆ ಈ 17ನೇ ಸೆಕ್ಷನ್ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ಸ್ಟುಡಿಯೋಗಳ ಮುಂದೆ ಗಾಜಿನ ಶೋಕೇಸಿನಲ್ಲಿ ದೊಡ್ಡದು ಮಾಡಿ ಇಟ್ಟ ಮದುಮಗಳು, ತೊಟ್ಟಿಲ ಮಗು, ನಾಮಕರಣದ ಫೋಟೋ ಇರುತ್ತದಲ್ಲ, ಅದು ಜಾಹೀರಾತೇ ಅಲ್ವಾ? ದುಡ್ಡು ಕೊಟ್ಟು ತೆಗೆಸಿದವರು ಅವರು. ಮುಖವೂ ಅವರದೇ. ಕೇಳದೆ ಇಡುವುದಕ್ಕೆ ಎರಡು ಕಡೆಯಿಂದಲೂ ಅಡ್ಡಿ ಇದೆ. ಈ ಪ್ರಕರಣ ನಡೆಯುವಾಗಲೇ ನನ್ನ ಶೋಕೇಸಿನ ಹನ್ನೊಂದು ಮನೆಯವರಿಗೆ ಫೋನ್ ಮಾಡಿ ಕೇಳಿದೆ. ಎಂಟು ಮನೆಯವರು ಸಂತೋಷದಿಂದ ಇರಲಿ ಎಂದರು. ಮೂರು ಫೋಟೋ ಇಳಿಸಿದೆ. ಅದರಲ್ಲಿ ಒಬ್ಬ ಹೆಣ್ಣುಮಗಳಿಗೆ ವಿಚ್ಛೇದನವಾಗಿ ವರ್ಷವಾಗಿತ್ತು. ದಿನಾ ಆ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳಂತೆ.

ಮತ್ತೆ ಅಕ್ಕನ ವಿಷಯಕ್ಕೆ. ಕಾಪಿರೈಟ್ ನನ್ನದಾಗಲಿ, ಹೋಂಸ್ಟೇಯವರದಾಗಲಿ, ಅದು ಅಕ್ಕನ ಪ್ರಶ್ನೆಗೆ ಉತ್ತರವೇ ಅಲ್ಲ ಎಂದು ನನಗೆ ತಿಳಿಸಿದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಸಿಕ್ಕ ವಕೀಲೆ. ಕಾಪಿರೈಟ್ ಇರುವುದು ಚಿತ್ರದ ಮೇಲೆ. ಅದರೊಳಗಿನ ಮುಖದ ಮೇಲೆ ಅದು ನನಗೆ ಯಾವ ಅಧಿಕಾರವನ್ನೂ ಕೊಡುವುದಿಲ್ಲ. ನಾನು ನೂರಕ್ಕೆ ನೂರು ಒಡೆಯನಾಗಿದ್ದರೂ ಆ ಫೋಟೋವನ್ನು ಕಾಫಿಪುಡಿ ಮಾರಲು ಕೊಡುವಂತಿರಲಿಲ್ಲ.

ಮುಖದ ಹಕ್ಕಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಅದನ್ನು ಕಟ್ಟಿದ್ದು ನ್ಯಾಯಾಲಯಗಳ ತೀರ್ಪುಗಳು. 1994ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆರ್. ರಾಜಗೋಪಾಲ್ ಪ್ರಕರಣ ಬಂತು. ಮರಣದಂಡನೆಯಾಗಿದ್ದ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಪ್ರಕಟಿಸಲು ಹೊರಟಿತ್ತು. ಸರ್ಕಾರ ಮೊದಲೇ ತಡೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ಖಾಸಗಿತನದ ಹಕ್ಕನ್ನೂ ಬಿಡಿಸಿ ಹೇಳಿತು. ಒಬ್ಬರ ಹೆಸರನ್ನೋ ಚಹರೆಯನ್ನೋ ಅವರ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸಿದರೆ ಆ ಹಕ್ಕಿನ ಉಲ್ಲಂಘನೆ ಎಂಬುದು ಅಲ್ಲಿ ಕೊಟ್ಟ ಉದಾಹರಣೆ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದ ಭಾಗ ನಮಗೆ ನೇರವಾಗಿ ಬೇಕಾದದ್ದು. ತನ್ನ ಹೆಸರು, ತನ್ನ ಚಿತ್ರ ವ್ಯಾಪಾರಕ್ಕೆ ಬಳಕೆಯಾಗುವುದನ್ನು ತಡೆಯುವ ಹಕ್ಕು ವ್ಯಕ್ತಿಗೆ ಇರಬೇಕು ಎನ್ನುತ್ತಾರೆ ಅವರು.

ಬ್ರ್ಯಾಂಡಿನ ವಕೀಲರು ಇದಕ್ಕೆ ಒಂದು ಅಡ್ಡಮಾತು ತಂದರು. ಇದೆಲ್ಲ ಸಿನಿಮಾ ತಾರೆಯರಿಗೆ, ಪ್ರಸಿದ್ಧರಿಗೆ ಇರುವ ಹಕ್ಕು, ಕೂಲಿ ಹೆಂಗಸಿನ ಮುಖಕ್ಕೆ ಮಾರುಕಟ್ಟೆ ಬೆಲೆ ಎಲ್ಲಿದೆ ಎಂದು. ಆ ಸಾಲು ಓದಿದಾಗ ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಬೆಲೆ ಇಲ್ಲದಿದ್ದರೆ ಪೊಟ್ಟಣದ ಮೇಲೆ ಯಾಕೆ ಹಾಕಿದರು?

ತಾರೆಯರ ಪ್ರಕರಣಗಳು ಜಾಸ್ತಿ ಇವೆ ಎಂಬುದು ನಿಜ. 2012ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಒಬ್ಬ ಆಭರಣ ವ್ಯಾಪಾರಿಯ ಮೇಲೆ ಟೈಟನ್ ಕಂಪನಿ ಗೆದ್ದಿತು. ತನಿಷ್ಕ್ ಜಾಹೀರಾತಿನ ಅಮಿತಾಭ್ ಮತ್ತು ಜಯಾ ಬಚ್ಚನ್ ಚಿತ್ರವನ್ನು ಆತ ತನ್ನ ಹೋರ್ಡಿಂಗಿಗೆ ಹಾಕಿದ್ದ. ತಾರೆಯ ಹೆಸರಿನ ಬೆಲೆ ಪರಿಹಾರದ ಮೊತ್ತ ನಿರ್ಧರಿಸಲು ನೆರವಾಗುತ್ತದೆ, ಅಷ್ಟೇ. ಒಪ್ಪಿಗೆ ಕೇಳಬೇಕೆಂಬ ಮಾತು ಎಲ್ಲರಿಗೂ ಒಂದೇ. ರಾಜಗೋಪಾಲ್ ತೀರ್ಪು ಮಾತಾಡುವುದು ನಾಗರಿಕನ ಬಗ್ಗೆ, ತಾರೆಯ ಬಗ್ಗೆ ಅಲ್ಲ.

ಹಾಗಾದರೆ ಬೀದಿಯಲ್ಲಿ ಯಾರ ಫೋಟೋವನ್ನೂ ತೆಗೆಯಬಾರದಾ ಎಂದು ನನ್ನ ಗೆಳೆಯರು ಕೇಳಿದರು. ತೆಗೆಯಬಹುದು. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದನ್ನು ಕಾನೂನು ಒಟ್ಟಾರೆಯಾಗಿ ತಡೆಯುವುದಿಲ್ಲ. ಬೇಲೂರಿನ ತೇರಿನ ಜನಸಂದಣಿ, ಕೊಯ್ಲಿನ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಬರುವ ಕೂಲಿಯವರ ಚಿತ್ರ, ಇವು ಬೇರೆ. ಅದೇ ತೇರಿನ ಫೋಟೋದಿಂದ ಒಂದು ಅಜ್ಜಿಯ ಮುಖ ಕತ್ತರಿಸಿ ಅಗರಬತ್ತಿ ಡಬ್ಬಿಗೆ ಹಾಕಿದರೆ ವಿಷಯವೇ ಬದಲಾಯಿತು. ಫೋಟೋ ಮಾರುವ ದೊಡ್ಡ ಸ್ಟಾಕ್ ಸೈಟುಗಳೂ ಇದೇ ಗೆರೆ ಹಾಕಿಕೊಂಡಿವೆ. ಗುರುತು ಸಿಗುವ ಮುಖ ಇದ್ದು ಮಾಡೆಲ್ ರಿಲೀಸ್, ಅಂದರೆ ಆ ಮುಖದವರು ಸಹಿ ಹಾಕಿದ ಒಪ್ಪಿಗೆ ಪತ್ರ, ಇಲ್ಲದಿದ್ದರೆ 'ಎಡಿಟೋರಿಯಲ್' (ಸುದ್ದಿ, ಲೇಖನಕ್ಕೆ ಮಾತ್ರ) ಎಂದು ಗುರುತು ಹಾಕಿ, ಜಾಹೀರಾತಿಗೆ ಬಳಸಬೇಡಿ ಎನ್ನುತ್ತವೆ.

ಶನಿವಾರದ ಸಂಜೆಯ ಕಾಗದ

ವಿಷಯ ದೊಡ್ಡದಾಗುತ್ತಿದೆ ಎಂದು ಗೊತ್ತಾದಾಗ ಹೋಂಸ್ಟೇ ಕಡೆಯಿಂದ ಒಂದು ಪ್ರಯತ್ನ ನಡೆಯಿತು. ಡಿಸೆಂಬರಿನ ಒಂದು ಶನಿವಾರ, ಬಟವಾಡೆಯ ಸಂಜೆ. ಹಣ್ಣು ತೂಕ ಹಾಕಿ, ಕೂಲಿ ಎಣಿಸಿ ಕೊಟ್ಟ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಅಕ್ಕನ ಮುಂದೆ ಒಂದು ಕಾಗದ ಇಟ್ಟರು. ಇಂಗ್ಲಿಷಿನಲ್ಲಿತ್ತು. ತಾರೀಕು 2022ರದು. "ಸುಮ್ನೆ ಒಂದು ಸಹಿ ಹಾಕಮ್ಮ, ಫೋಟೋದ್ದು" ಎಂದರು. ಐನೂರರ ಎರಡು ನೋಟು ಜೊತೆಗಿತ್ತು.

ಅಕ್ಕನಿಗೆ ಕನ್ನಡದಲ್ಲಿ ಸಹಿ ಹಾಕಲು ಬರುತ್ತದೆ. "ಮಗಳು ಓದಿ ಹೇಳಲಿ, ಆಮೇಲೆ ಹಾಕ್ತೀನಿ" ಎಂದು ಕಾಗದ ತೆಗೆದುಕೊಂಡು ಮನೆಗೆ ಬಂದಳು. ನೋಟು ಅಲ್ಲೇ ಬಿಟ್ಟಳು. ತೋಟದ ಲೈನಿನಲ್ಲಿ ಇರುವ, ಆ ತೋಟದ್ದೇ ಕೂಲಿ ನಂಬಿದ ಹೆಂಗಸಿಗೆ ಅಷ್ಟು ಹೇಳಲು ಎಷ್ಟು ಧೈರ್ಯ ಬೇಕು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಗಳು ಡಿಕ್ಷನರಿ ಇಟ್ಟುಕೊಂಡು ಓದಿದಳು. ಜಗತ್ತಿನ ಎಲ್ಲ ಕಡೆ, ಎಂದೆಂದಿಗೂ, ಯಾವ ಮಾಧ್ಯಮದಲ್ಲಾದರೂ, ಯಾವ ಬದಲಾವಣೆಯ ಜೊತೆಗಾದರೂ ಫೋಟೋ ಬಳಸಲು ಒಪ್ಪಿದ್ದೇನೆ, ಇದಕ್ಕೆ ಪೂರ್ತಿ ಪ್ರತಿಫಲ ಪಡೆದಿದ್ದೇನೆ ಎಂದು ಬರೆದಿತ್ತು.

ವಕೀಲೆ ಆ ಕಾಗದವನ್ನು ಹಿಡಿದು ನಮಗೆ ಪಾಠ ಮಾಡಿದರು. 1872ರ ಕರಾರು ಕಾಯ್ದೆ ಇಂದಿಗೂ ನಮ್ಮಲ್ಲಿ ನಡೆಯುತ್ತಿರುವ ಕಾನೂನು. ಅದರ 13ನೇ ಸೆಕ್ಷನ್ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ. ಇದನ್ನು ಕೇಳಿ ನನಗೆ 2022ರ ಆ ಭಾನುವಾರ ನೆನಪಾಯಿತು. "ತೆಗೀರಿ" ಎಂದಾಗ ಅಕ್ಕನ ಮನಸ್ಸಿನಲ್ಲಿ ಇದ್ದದ್ದು ಮನೆಗೆ ಬರುವ ಒಂದು ಫೋಟೋ. ನನ್ನ ಮನಸ್ಸಿನಲ್ಲಿ ಇನ್‌ಸ್ಟಾಗ್ರಾಮ್. ಮಾಲೀಕರ ಮನಸ್ಸಿನಲ್ಲಿ ವೆಬ್‌ಸೈಟ್. ಒಂದೇ ಮಾತಿಗೆ ಮೂರು ಅರ್ಥ.

16ನೇ ಸೆಕ್ಷನ್ ಅನುಚಿತ ಪ್ರಭಾವದ ಬಗ್ಗೆ. ಒಬ್ಬರು ಇನ್ನೊಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದು, ಅದನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಆ ಒಪ್ಪಿಗೆ ಮುಕ್ತವಾದದ್ದಲ್ಲ. ಕೂಲಿ ಕೊಡುವ ಮೇಜಿನ ಮೇಲೇ ಸಹಿ ಕೇಳಿದರೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಹಳೇ ತಾರೀಕು ಹಾಕಿದ್ದಂತೂ ಬೇರೆಯದೇ ಅಪಾಯ. ಆ ಕಾಗದವೇ ಮುಂದೆ ಅಕ್ಕನ ಕೈಯಲ್ಲಿ ಗಟ್ಟಿ ಸಾಕ್ಷಿಯಾಯಿತು.

ಮೇಜಿನ ಸುತ್ತ

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. ಆದಾಯ ಎಷ್ಟು ಎಂದು ಕೇಳುವಂತಿಲ್ಲ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಕೋರ್ಟಿಗೆ ಹೋಗುವ ಮುಂಚೆಯೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನ ಆದೇಶದಷ್ಟೇ ಬಲ, ಅದರ ಮೇಲೆ ಅಪೀಲು ಇಲ್ಲ. ವಕೀಲೆ ಮೊದಲು ನೋಟಿಸ್ ಕಳಿಸಿದರು. ಮಾತುಕತೆಗೆ ಬರದಿದ್ದರೆ ಪೊಟ್ಟಣಗಳ ಮಾರಾಟಕ್ಕೆ ತಡೆ ಕೋರಿ ದಾವೆ ಹೂಡುತ್ತೇವೆ ಎಂದು ಅದರಲ್ಲಿತ್ತು. 2025ರ ಫೆಬ್ರವರಿಯಲ್ಲಿ ಎಲ್ಲರೂ ಒಂದು ಮೇಜಿನ ಸುತ್ತ ಕೂತೆವು.

ಬ್ರ್ಯಾಂಡಿನವರು ಕೆಟ್ಟ ಜನ ಆಗಿರಲಿಲ್ಲ. ಅದರ ಯಜಮಾನರು ಅಕ್ಕನನ್ನು ನೋಡಿದ್ದು ಅದೇ ಮೊದಲು. ಪೊಟ್ಟಣದ ಮೇಲೆ ದಿನಾ ನೋಡುತ್ತಿದ್ದ ಮುಖ ಎದುರಿಗೆ ಬಂದು ಕೂತಾಗ ಅವರಿಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಮೊದಲು ಐದು ವರ್ಷಕ್ಕೆ ಬಳಸಲು ಅನುಮತಿ ಕೊಡಿ, ದುಡ್ಡು ಕೊಡುತ್ತೇವೆ ಎಂದರು. ಅಕ್ಕ ಬೇಡ ಎಂದಳು. ವ್ಯಾಪಾರದ ದೃಷ್ಟಿಯಲ್ಲಿ ಒಪ್ಪಿಕೊಳ್ಳಬಹುದಿತ್ತು ಎಂದು ನನಗೂ ಆಗ ಅನಿಸಿತು. ಆದರೆ ಅವಳಿಗೆ ಬೇಕಾಗಿದ್ದದ್ದು ಬೇರೆ.

ಮೊದಲು ಕೇಳಿದ್ದು ಒಂದು ಪತ್ರ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಕನ್ನಡದಲ್ಲಿ. ಈಕೆಯನ್ನು ಕೇಳದೆ ಫೋಟೋ ಬಳಸಿದ್ದೇವೆ, ಇದುವರೆಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ ಎಂದು ಅದರಲ್ಲಿ ಇರಬೇಕು. ಸಂಘದ ಸಭೆಯಲ್ಲಿ ಓದಿಸಬೇಕು, ಮೈದುನನಿಗೆ ತೋರಿಸಬೇಕು. ಪರಿಹಾರದ ಮಾತು ಬಂದದ್ದು ಆಮೇಲೆ.

ಅಂಗಡಿಗಳಲ್ಲಿ ಉಳಿದ ಪೊಟ್ಟಣಗಳಿಗೆ ಏನು ಮಾಡುವುದು ಎಂಬುದರಲ್ಲಿ ಮಾತು ತಡೆದು ನಿಂತಿತು. ಮುಖದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸೋಣ ಎಂದು ವಕೀಲರಿಬ್ಬರೂ ಒಪ್ಪಿದ್ದರು. ಅಕ್ಕ ತಲೆ ಅಲ್ಲಾಡಿಸಿದಳು. "ಮುಖ ಮುಚ್ಚೋಕೆ ನಾನೇನು ತಪ್ಪು ಮಾಡಿದ್ದೀನಾ?" ಎಂದಳು. ಕೋಣೆಯಲ್ಲಿ ಇದ್ದವರಿಗೆ ಯಾರಿಗೂ ಆ ಕಡೆಯಿಂದ ಯೋಚನೆ ಬಂದಿರಲಿಲ್ಲ. ಕೊನೆಗೆ ಅಂಗಡಿಗೆ ಹೋದ ಪೊಟ್ಟಣಗಳು ಏಪ್ರಿಲ್ ಕೊನೆಯವರೆಗೆ ಮಾರಾಟವಾಗಲಿ, ಗೋದಾಮಿನ ಖಾಲಿ ಕವರುಗಳನ್ನು ನಾಶ ಮಾಡಲಿ, ವೆಬ್‌ಸೈಟಿನಿಂದ ಫೋಟೋ ಮತ್ತು ಸುಳ್ಳು ಹೆಸರು, ಸುಳ್ಳು ಕಥೆ ಅದೇ ದಿನ ಹೋಗಲಿ ಎಂದಾಯಿತು. ಇಲ್ಲದ ಮೂವತ್ತು ವರ್ಷದ ಕಥೆ ಹೇಳಿ ಗ್ರಾಹಕರಿಗೆ ಕಾಫಿ ಮಾರಿದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿನ ಪ್ರಶ್ನೆಯನ್ನೂ ಎಬ್ಬಿಸುತ್ತದೆ ಎಂದು ವಕೀಲೆ ನೆನಪಿಸಿದ ಮೇಲೆ ಕಥೆ ತೆಗೆಯಲು ಯಾರೂ ತಕರಾರು ಮಾಡಲಿಲ್ಲ.

ಮಾರ್ಚಿನಲ್ಲಿ ಲೋಕ ಅದಾಲತ್ತಿನಲ್ಲಿ ಸಹಿಯಾಯಿತು. ಪತ್ರವನ್ನು ಸಂಘದಲ್ಲಿ ಮಗಳೇ ಗಟ್ಟಿಯಾಗಿ ಓದಿದಳಂತೆ. ಯುಗಾದಿಗೆ ಮೈದುನ ಬಂದ. ನಾನು ಅವತ್ತಿನ ದಿನದ ನನ್ನ ಸಂಬಳವನ್ನು ಅಕ್ಕನಿಗೆ ಕೊಟ್ಟೆ, ಎರಡು ವರ್ಷದ ಹಿಂದೆ ಕೇಳಿದ್ದ ಫೋಟೋವನ್ನೂ ಫ್ರೇಮು ಹಾಕಿಸಿ ತಂದುಕೊಟ್ಟೆ. ದುಡ್ಡನ್ನು ಎಣಿಸದೆ ಒಳಗಿಟ್ಟಳು. ಫೋಟೋವನ್ನು ಬಹಳ ಹೊತ್ತು ನೋಡಿದಳು. ಮೈಮೇಲಿದ್ದ ಅಂಗಿ ಗಂಡನದು. ಅವನು ತೀರಿಕೊಂಡದ್ದು ಫೋಟೋ ತೆಗೆದ ಮರುವರ್ಷ.

ಈಗ ನಾನು ಬಳಸುವ ಕಾಗದ

ಒಂದೇ ಪುಟ, ಕನ್ನಡದಲ್ಲಿ. ಮೇಲೆ ಎರಡು ಪ್ರಶ್ನೆ ಬೇರೆ ಬೇರೆಯಾಗಿವೆ. ಫೋಟೋ ತೆಗೆಯಲು ಒಪ್ಪಿಗೆಯೇ, ಮಾರಾಟಕ್ಕೆ ಅಥವಾ ಜಾಹೀರಾತಿಗೆ ಕೊಡಲು ಒಪ್ಪಿಗೆಯೇ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎನ್ನಬಹುದು. ಎರಡನೆಯದಕ್ಕೂ ಹೌದು ಎಂದರೆ ಯಾವ ವಸ್ತುವಿಗೆ, ಯಾರಿಗೆ, ಎಷ್ಟು ವರ್ಷಕ್ಕೆ, ಎಷ್ಟು ದುಡ್ಡಿಗೆ ಎಂದು ಖಾಲಿ ಜಾಗ ಇದೆ. ದುಡ್ಡಿನ ಜಾಗವನ್ನು ಖಾಲಿ ಬಿಡುವುದಿಲ್ಲ. ಪ್ರತಿಫಲ ಇಲ್ಲದ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ ಎನ್ನುತ್ತದೆ ಅದೇ 1872ರ ಕಾಯ್ದೆ. ಹೆಸರು ಹಾಕಬಹುದೇ, ಕಥೆ ಬರೆಯಬಹುದೇ, ಕಂಪ್ಯೂಟರಿನಲ್ಲಿ ಮುಖವನ್ನು ಬದಲಿಸಬಹುದೇ ಎಂಬುದಕ್ಕೂ ಒಂದೊಂದು ಸಾಲು. ಓದಲು ಬಾರದವರಿಗೆ ಓದಿ ಹೇಳಿದವರ ಹೆಸರು ಕೆಳಗೆ ಇರುತ್ತದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ ಅದಕ್ಕೂ ಸಹಿಯ ಬೆಲೆಯೇ. ಸಾಕ್ಷಿಯಾಗಿ ಮೇಸ್ತ್ರಿಯನ್ನೋ ರೈಟರನ್ನೋ ನಾನು ಒಪ್ಪುವುದಿಲ್ಲ, ಅವರ ಮನೆಯವರೇ ಆಗಬೇಕು. ಒಂದು ಪ್ರತಿ ಅವರ ಕೈಯಲ್ಲಿ ಉಳಿಯುತ್ತದೆ.

ನನಗೂ ಗಿರಾಕಿಗೂ ನಡುವೆ ಈಗ ಇನ್ನೊಂದು ಕಾಗದ ಇದೆ. ಕಾಪಿರೈಟ್ ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಕಾಯ್ದೆಯೇ ತುಂಬಿಕೊಳ್ಳುತ್ತದೆ. ನಾನು ಎರಡನ್ನೂ ಬರೆಯುತ್ತೇನೆ.

ಕಾನೂನೂ ಇದೇ ದಾರಿಯಲ್ಲಿ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಜಾರಿ ಹಂತ ಹಂತವಾಗಿ. ಗುರುತು ಸಿಗುವ ಡಿಜಿಟಲ್ ಫೋಟೋ ಕೂಡ ವೈಯಕ್ತಿಕ ದತ್ತಾಂಶವೇ. ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಒಂದರಲ್ಲಿ ಓದುವ ಆಯ್ಕೆ ಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡ ಇದೆ. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. 18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಈ ಕೊನೆಯ ಮಾತು ಬಂದಾಗಲೆಲ್ಲ ನನಗೆ ಫ್ರೇಮಿನ ಅಂಚಿನ ಹುಡುಗಿ ನೆನಪಾಗುತ್ತಾಳೆ. ಪೊಟ್ಟಣದಲ್ಲಿ ಅವಳ ಭಾಗ ಕತ್ತರಿಸಿ ಹೋಗಿತ್ತು. ಹೋಂಸ್ಟೇ ವೆಬ್‌ಸೈಟಿನ ಅಗಲದ ಚಿತ್ರದಲ್ಲಿ ಎರಡು ವರ್ಷ ಇದ್ದಳು, ಯಾರೂ ಗಮನಿಸಲಿಲ್ಲ. ಒಪ್ಪಂದದ ದಿನ ಅವಳ ಪರವಾಗಿ ತಾಯಿಯ ಸಹಿ ಸಾಕು ಎಂದು ವಕೀಲೆ ಹೇಳಿದರು. ಆದರೂ ನಾನು ಅವಳನ್ನೇ ಕೇಳಿದೆ: ನನ್ನ ಹತ್ತಿರ ಇರುವ ಮೂಲ ಫೈಲ್ ಏನು ಮಾಡಲಿ, ಅಳಿಸಿಬಿಡಲಾ?

"ಅಳಿಸ್ಬೇಡಿ. ಅಪ್ಪನ ಅಂಗಿ ಇದೆ ಅದ್ರಲ್ಲಿ. ಹದಿನೆಂಟಾದ್ಮೇಲೆ ನಾನೇ ಹೇಳ್ತೀನಿ" ಎಂದಳು.

ಬರುವ ಆಗಸ್ಟಿಗೆ ಅವಳಿಗೆ 18 ತುಂಬುತ್ತದೆ. ಆ ಫೈಲು ಬೇರೆ ಡ್ರೈವಿನಲ್ಲಿ, ಅವಳ ಹೆಸರು ಬರೆದ ಕವರಿನಲ್ಲಿ, ನನ್ನ ಬೀರುವಿನಲ್ಲಿದೆ.